ಸಣ್ಣ ಕಾಕುವಿನ ಕೈಗುಣ

ಜೀವ ಎಲ್ಲಿಂದ ಹುಟ್ಟಿತೆಂಬುದು ಮಹಾಮಹಾ ಪಂಡಿತರ ನಿದ್ದೆಗೆಡಿಸಿದ ಪ್ರಶ್ನೆ. ಸೊಲ್ಲಾಪುರದ ನಮ್ಮ ಮನೆಯಲ್ಲಿ ಮಾತ್ರ ಉತ್ತರ ಎಲ್ಲರಿಗೂ ಗೊತ್ತಿತ್ತು: ಸಣ್ಣ ಕಾಕುವಿನ ಅಂಗೈಯಿಂದ.

ಸದಾ ಬೆವರುವ ಅಂಗೈ ಅದು. ಹಿತ್ತಾಳೆ ಲೋಟ ಹಿಡಿದರೆ ಐದೂ ಬೆರಳಿನ ಗುರುತು ಮೂಡುತ್ತಿತ್ತು. ಮಾತಿಗೆ ಮುಂಚೆ ಸೆರಗಿಗೆ ಕೈ ಒರೆಸಿಕೊಳ್ಳುವುದು ಅವರ ರೂಢಿ. ಅಕ್ಕಲಕೋಟೆಯಿಂದ ನಮ್ಮ ಚಿಕ್ಕಪ್ಪನ, ಅಂದರೆ ಕಾಕಾರ, ಹೆಂಡತಿಯಾಗಿ ಬಂದಮೇಲೆ ಮೂರು ವರ್ಷ, ಅವರು ತುಂಬಿಟ್ಟ ಜೋಳಕ್ಕೆಲ್ಲ ನುಸಿ ಹತ್ತಿತು. ನಮ್ಮದು ಕಾಳಿನ ವ್ಯಾಪಾರಿಗಳ ಮನೆ. ಮಕ್ಕಳೂ ಆಗಿರಲಿಲ್ಲ. ಅಜ್ಜಿ ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: “ಹೊಟ್ಟ್ಯಾಗ ಹುಟ್ಟವಲ್ಲದು, ಕೈಯಾಗ ಹುಟ್ಟತದ.”

ಎಪ್ಪತ್ತೈದರ ಸುಮಾರು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಅಂದರೆ ಪುಸ್ತಕ ಕೊಂಡಿದ್ದೆ. ಗಡಿಗೆಯಲ್ಲಿ ಗೋಧಿ ಹಾಕಿ ಕೊಳೆ ಅಂಗಿ ತುರುಕಿದರೆ ಇಪ್ಪತ್ತೊಂದು ದಿನಕ್ಕೆ ಇಲಿ ಹುಟ್ಟುತ್ತವೆಂದು ಹಿಂದಿನ ಪಂಡಿತನೊಬ್ಬ ಬರೆದಿಟ್ಟದ್ದನ್ನು ಕಾಕುವಿಗೆ ಹೇಳಿದೆ.

“ನಿಮ್ಮ ಕಾಕಾರ ಅಂಗಿ ಆದ್ರ ಎರಡ ದಿನ ಸಾಕಪಾ,” ಎಂದರು.

ಇನ್ನೊಬ್ಬ ಮಾಂಸದ ಪಾತ್ರೆಗೆ ಬಟ್ಟೆ ಕಟ್ಟಿ, ನೊಣ ಕೂರದಿದ್ದರೆ ಹುಳ ಹುಟ್ಟುವುದಿಲ್ಲವೆಂದು ತೋರಿಸಿದ್ದನ್ನೂ ಹೇಳಿದೆ. ಈ ಸಲ ಕಾಕು ನಗಲಿಲ್ಲ. ಕೈ ಒರೆಸಿಕೊಂಡು ಹೋಗಿ ಅಜ್ಜಿಯ ಮುಂದೆ ನಿಂತರು.

“ಅತ್ತಿ, ಒಂದ ಚೀಲದ ಜ್ವಾಳ. ಒಂದ ಬರಣಿ ನೀವು ತುಂಬ್ರಿ, ಒಂದ ನಾ ತುಂಬತೀನಿ. ಎರಡಕ್ಕೂ ಬಟ್ಟಿ ಕಟ್ಟೂಣ. ನುಸಿ ಹೊರಗಿಂದ ಬರತಾವ್ರಿ, ಕೈಯಿಂದ ಅಲ್ಲ.”

“ನಿನ್ನದರಾಗ ಬಂದ್ರ?”

“ತವರಿಗಿ ಹೊಕ್ಕೀನ್ರಿ.”

“ತಿರಗಿ ಬರಬಾರದು.”

“ಬರಂಗಿಲ್ರಿ.”

ಅಜ್ಜಿ ತಮ್ಮ ಪಾಲಿನ ಜೋಳವನ್ನು ಮೊದಲು ಮಾಳಿಗೆಯ ಮೇಲೆ ಮೇ ತಿಂಗಳ ಬಿಸಿಲಿನಲ್ಲಿ ಮೂರು ದಿನ ಹರವಿಸಿದರು. ಹರವಿದವನು ನಾನು. “ಬಿಸಲಾಗ ಹಾಕಿದ್ರೇನು, ಬಟ್ಟಿ ಕಟ್ಟತೀವಲ್ಲ?” ಎಂದರು ಕಾಕು. ನಾನೂ ಹೂಂ ಎಂದೆ. ಅವರು ತಮ್ಮ ಪಾಲನ್ನು ಒಂದೊಂದೇ ಕಾಳು ನೋಡಿ ಹಸನು ಮಾಡಿ, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದರು.

ಎರಡು ತಿಂಗಳಿಗೆ ಬಿಚ್ಚಿದೆವು. ಅಜ್ಜಿಯ ಬರಣಿಯಲ್ಲಿ ಜೋಳವಿತ್ತು. ಕಾಕುವಿನ ಬರಣಿಯಲ್ಲಿ ಜೋಳ ನಡೆದಾಡುತ್ತಿತ್ತು.

“ಕಾಲೇಜ ಏನಂತದ?” ಎಂದು ಅಜ್ಜಿ ನನ್ನನ್ನು ಕೇಳಿದರು. ಕಾಲೇಜು ಎದ್ದು ಕೋಣೆಗೆ ಹೋಯಿತು.

ಪುಸ್ತಕ ತೆರೆದೆ. ನುಸಿ ಕಾಳನ್ನು ಕೊರೆದು ಒಳಗೇ ತತ್ತಿ ಇಡುತ್ತದೆ. ಆಮೇಲೆ ಬಟ್ಟೆ ಕಟ್ಟಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಕಡುಬಿಸಿಲಿಗೆ ಹಾಕಿದರೆ ಮಾತ್ರ ಒಳಗೇ ಸಾಯುತ್ತದೆ. ಎಲ್ಲವೂ ಇತ್ತು, ನಾನು ಓದು ನಿಲ್ಲಿಸಿದ್ದಲ್ಲಿಂದ ಮೂರು ಪಾಠ ಮುಂದೆ.

ಹೊರಗೆ ಕಾಕು ಟ್ರಂಕು ತುಂಬುತ್ತಿದ್ದರು. ಹೋಗಿ ಹೇಳಬಹುದಿತ್ತು. ಹೇಳಿದರೆ, ಪೂರ್ತಿ ಓದದೆ ಬುದ್ಧಿ ಹೇಳಿದವನು ನಾನೆಂದು ಒಪ್ಪಬೇಕಾಗುತ್ತಿತ್ತು. ಮೇಲಾಗಿ ಅಜ್ಜಿಗೆ ಎದುರಾಡುವ ಪದ್ಧತಿ ನಮ್ಮ ಮನೆತನದಲ್ಲಿರಲಿಲ್ಲ. ನಾನು ಮನೆತನದ ಮರ್ಯಾದೆ ಉಳಿಸಿದೆ. ಕಾಕಾ ಅಂದು ಅಂಗಡಿಯಿಂದ ಊಟಕ್ಕೂ ಬರಲಿಲ್ಲ.

ಟ್ರಂಕನ್ನು ಬಸ್ಸಿಗೆ ಹಾಕಿದವನೂ ನಾನೇ. ಕಾಕು ಕಿಟಕಿಯಿಂದ ಬಗ್ಗಿ ಅಂದರು: “ನಿನ್ನ ಪುಸ್ತಕ ಖರೇನ ಇರಬೇಕಪಾ. ನನ್ನ ಕೈಯ ಛಲೋ ಇಲ್ಲ. ನೀ ಓದೂದು ಬಿಡಬ್ಯಾಡ.”

ಬಿಡಲಿಲ್ಲ. ಮೂವತ್ತು ವರ್ಷ ಅದೇ ವಿಷಯ ಕಲಿಸಿ ಹೊಟ್ಟೆ ಹೊರೆದೆ. ಅಕ್ಕಲಕೋಟೆಗೆ ಒಂದು ಕಾರ್ಡು ಬರೆಯಲು ಪುರುಸೊತ್ತಾಗಲಿಲ್ಲ.

ಕಾಕಾ ಮರುವರ್ಷ ಇನ್ನೊಂದು ಮದುವೆಯಾದರು. ಕಾಕು ಅಣ್ಣನ ಮನೆಯಲ್ಲಿ ತೀರಿಕೊಂಡರು. ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ.