ಕುಂಟಲ ಹಣ್ಣಿನ ಐಸ್‌ಕ್ರೀಮಿಗೆ ನಾನು ಹೇಳಿದ ಸುಳ್ಳು

ಕುಂಟಲ ಹಣ್ಣು ಮಳೆಗೆ ಮೊದಲು ಕೆಲವೇ ವಾರ ನಮ್ಮ ಕಡೆಯ ಹಾಡಿಗಳಲ್ಲಿ, ಅಂದರೆ ಮನೆ ಹಿಂದಿನ ಕುರುಚಲು ಕಾಡುಗಳಲ್ಲಿ, ಸಿಗುತ್ತದೆ. ಕಡಲೆಯಷ್ಟು ದಪ್ಪ, ಕಪ್ಪು ಬಣ್ಣ. ತಿಂದರೆ ನಾಲಿಗೆ ನೇರಳೆಯಾಗಿ, ಆಮೇಲೆ ಒಗರಿಗೆ ಮರಗಟ್ಟುತ್ತದೆ. ಯಡ್ತರೆಯ ನಮ್ಮ ಮನೆಯ ಹಿಂದಿನ ಹಾಡಿಯಲ್ಲಿ ಯಾವ ಪೊದೆಯ ಹಣ್ಣು ಸಿಹಿ, ಯಾವುದರಲ್ಲಿ ಕೆಂಪಿರುವೆ ಹೆಚ್ಚು ಎಂಬುದು ನನಗೆ ಬಾಯಿಪಾಠವಾಗಿತ್ತು. ಚಿಕ್ಕಪ್ಪನ ಮಗಳು ನನಗಿಂತ ಎರಡು ವರ್ಷ ಚಿಕ್ಕವಳು. ಅವಳಿಗೆ ಹಾವಿನ ಹೆದರಿಕೆ, ಬೇಲಿ ದಾಟುತ್ತಿರಲಿಲ್ಲ. ನಾನು ಮೈಕೈ ತರಚಿಕೊಂಡು ಕೊಯ್ದು ತಂದದ್ದರಲ್ಲಿ ಅರ್ಧ ಅವಳ ಮಡಿಲಿಗೆ ಹೋಗುತ್ತಿತ್ತು.

ಮದುವೆಯಾಗಿ ನಾನು ಕೋಡಿಗೆ ಬಂದೆ, ಅವಳು ಬ್ರಹ್ಮಾವರಕ್ಕೆ ಹೋದಳು. ಕುಂಟಲ ಹಣ್ಣಿನಿಂದ ಏನಾದರೂ ಮಾಡಿ ಮಾರಬೇಕೆಂದು ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೆ. ಒಮ್ಮೆ ಜಾಮ್ ಮಾಡಿ ಬಾಟಲಿಗಳಿಗೆ ತುಂಬಿಸಿ ನೆಂಟರಿಗೆಲ್ಲ ಹಂಚಿದೆ. ವಾರದಲ್ಲಿ ಎಲ್ಲ ಬಾಟಲಿಗಳಲ್ಲೂ ಬೂಸರು. ಅಲ್ಲಿಗೆ ಆ ಮಾತು ನಿಂತಿತು.

ಹೋದ ವರ್ಷ ಕುಂದಾಪುರದಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶ, ನಮ್ಮ ಮಾತಿನಲ್ಲಿ ಮನೆ ಒಕ್ಕಲು. ಊಟದ ಕೊನೆಗೆ ಕಾಗದದ ಕಪ್ಪಿನಲ್ಲಿ ಐಸ್‌ಕ್ರೀಮ್ ಬಂತು. ನೇರಳೆ ಬಣ್ಣ ನೋಡಿದೊಡನೆ ಅದು ಕುಂಟಲವೆಂದು ನನಗೆ ಗೊತ್ತಾಯಿತು. ಅದನ್ನು ಮಾಡಿದವಳು ಚಿಕ್ಕಪ್ಪನ ಮಗಳೇ ಎಂದು ಪಕ್ಕದಲ್ಲಿದ್ದವರು ಹೇಳಿದಾಗ ಚಮಚ ಕೈಯಲ್ಲೇ ಉಳಿಯಿತು. ಮನೆಯ ಕೆಳಗಿನ ಕೋಣೆಯಲ್ಲಿ ಒಂದು ಯಂತ್ರ ಇಟ್ಟುಕೊಂಡು ಎರಡು ವಾರದಿಂದ ಮಾಡುತ್ತಿದ್ದಾಳಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ.

ತಿಂದೆ. ಚೆನ್ನಾಗಿತ್ತು. ಹಾಲಿನ ತಂಪಿನ ಹಿಂದೆ ಹಾಡಿಯ ವಾಸನೆ ಬರುವಷ್ಟು ಚೆನ್ನಾಗಿತ್ತು. ಸುತ್ತಲಿನವರು ಮಕ್ಕಳ ಹಾಗೆ ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಸಿಹಿಯೆಂದರೆ ಮೂಗು ಮುರಿಯುವ ನನ್ನ ಗಂಡ ಎರಡನೇ ಕಪ್ಪು ತರಲು ಎದ್ದರು. ಹಾವಿಗೆ ಹೆದರಿ ಬೇಲಿಯ ಈಚೆ ನಿಂತವಳಿಗೆ ಇಷ್ಟು ಹೊಗಳಿಕೆಯೇ ಎಂದು ನನ್ನ ಎದೆಯೊಳಗೆ ಉರಿಯತೊಡಗಿತು.

ಅವಳು ಬೇರೆ ಯಾರನ್ನೂ ಕೇಳದೆ ನೇರ ನನ್ನ ಬಳಿ ಬಂದು ಕೂತಳು. “ಅಕ್ಕ, ನೀ ಹೇಳ್. ಹ್ಯಾಂಗಿತ್ತ್?”

“ಸಿಹಿ ಜಾಸ್ತಿ ಆಯ್ತ್. ಕುಂಟಲ ಹಣ್ಣಿನ ರುಚಿಯೇ ಇಲ್ಲೆ,” ಎಂದೆ. ಅದೂ ಸಾಲದೆಂದು, “ಕೆಮ್ಮಿನ ಔಷಧದ ಹಾಂಗೆ ಇತ್ತ್,” ಎಂದೂ ಸೇರಿಸಿದೆ.

ಅವಳು ತಲೆಯಾಡಿಸಿ ಎದ್ದು ಹೋದಳು.

ಹತ್ತು ದಿನ ಕಳೆದು ಚಿಕ್ಕಮ್ಮ ಫೋನ್ ಮಾಡಿದರು. ಮಗಳು ಕುಂಟಲ ಐಸ್‌ಕ್ರೀಮ್ ಮಾರುವುದನ್ನು ನಿಲ್ಲಿಸಿದ್ದಾಳೆ, ಒಂದು ಮದುವೆಗೆ ಒಪ್ಪಿಕೊಂಡದ್ದನ್ನೂ ಬೇಡವೆಂದಿದ್ದಾಳೆ, ಅಕ್ಕನಿಗೆ ಸರಿಯಿಲ್ಲವೆಂದಾದರೆ ಅದು ಸರಿಯಿಲ್ಲ ಅನ್ನುತ್ತಾಳೆ ಎಂದರು. ಸುಳ್ಳೇಕೆ, ಮೊದಲು ನನಗೆ ಖುಷಿಯೇ ಆಯಿತು. ಅವತ್ತು ಇಡೀ ದಿನ ಹಗುರಾಗಿ ಓಡಾಡಿದೆ. ಮರುದಿನ ಸಂಜೆ ಮೋಡ ಕಟ್ಟಿತು. ಮಳೆ ಹಿಡಿದರೆ ಈ ವರ್ಷದ ಹಣ್ಣು ಮುಗಿದಂತೆ, ನನ್ನ ಸುಳ್ಳಿಗೆ ಅವಳ ಒಂದು ವರ್ಷವೇ ಹೋದಂತೆ ಎಂದು ಹೊಳೆದಾಗ ಕೂರಲಾಗಲಿಲ್ಲ. ಬೆಳಿಗ್ಗೆ ಎದ್ದವಳೇ ಬ್ರಹ್ಮಾವರದ ಬಸ್ಸು ಹತ್ತಿದೆ.

ಅವಳು ಕೆಳಗಿನ ಕೋಣೆಯಲ್ಲಿ ಪಂಚೆಯ ಬಟ್ಟೆಯಲ್ಲಿ ಹಣ್ಣಿನ ರಸ ಹಿಂಡುತ್ತಿದ್ದಳು. ಮೊಣಕೈವರೆಗೂ ನೇರಳೆ. ಬಂದದ್ದಕ್ಕೆ ಕಾರಣ ಕೇಳುವ ಮೊದಲೇ ಹೇಳಿಬಿಟ್ಟೆ.

“ಅವತ್ತ್ ನಾ ಹೇಳದ್ ಸುಳ್ಳ್. ಲಾಯ್ಕ್ ಇದ್ದಿತ್ತ್. ನಂಗೆ ಹೊಟ್ಟೆಕಿಚ್ಚ್ ಬಂದದ್.”

ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ. ಬಟ್ಟೆಯಲ್ಲಿ ಬರೀ ಬೀಜ, ಸಿಪ್ಪೆ ಉಳಿದ ಮೇಲೆ ಕೈ ತೊಳೆದು, “ನಿನ್ನ್ ಮಾತ್ ಕೇಂಡ್ ಏಳ್ ಸಲ ಮಾಡ್ದೆ ಅಕ್ಕ. ಏಳ್ ಸಲ,” ಎಂದಳು. ಕಣ್ಣು ತುಂಬಿತ್ತು. ಬೈದಿದ್ದರೆ ಚೆನ್ನಾಗಿತ್ತು.

ಕಣ್ಣೊರೆಸಿಕೊಂಡು ಫ್ರೀಜರಿನಿಂದ ಡಬ್ಬಿ ತೆಗೆದು ಚಮಚ ಕೊಟ್ಟು, ಈಗಲಾದರೂ ಸತ್ಯ ಹೇಳು ಎಂದಳು. ಸಕ್ಕರೆ ಕಡಿಮೆ ಮಾಡಿ, ಸಿಪ್ಪೆಯನ್ನೂ ಸ್ವಲ್ಪ ಅರೆದು ಹಾಕಿದ್ದಳು. ಮೊದಲು ತಂಪು, ಆಮೇಲೆ ಸಿಹಿ, ಕೊನೆಗೆ ನಾಲಿಗೆ ಹಿಡಿಯುವ ಆ ಒಗರು. ಮನೆ ಒಕ್ಕಲಿನ ದಿನ ತಿಂದದ್ದಕ್ಕಿಂತ ಇದು ಎಷ್ಟೋ ಮೇಲಾಗಿತ್ತು. ನನ್ನ ಸುಳ್ಳನ್ನೂ ಅವಳು ರುಚಿಯಾಗಿ ಮಾಡಿಕೊಂಡಿದ್ದಳು. ಕ್ಷಮೆ ಕೇಳಲೆಂದು ಬಂದು ಅಲ್ಲಿ ಕೂತಿದ್ದ ನನ್ನಲ್ಲಿ ಹೊಟ್ಟೆಕಿಚ್ಚು ಮತ್ತೆ ಎದ್ದಿತು.

“ಇದ್ ಮೊದಲಿನದ್ದಕ್ಕಿಂತ ಲಾಯ್ಕ್ ಆಯ್ತ್,” ಎಂದೆ. ಆ ಒಂದು ವಾಕ್ಯ ಹೇಳಲು ನನಗೆ ಬೇಕಾದ ಬಲ ಸಣ್ಣದಲ್ಲ.

ಈಗ ಬ್ರಹ್ಮಾವರದಿಂದ ಬೈಂದೂರಿನವರೆಗೆ ಅದಕ್ಕೆ ಕೇಳುವವರಿದ್ದಾರೆ. ಯಾರಾದರೂ ಹೊಗಳಿದರೆ ಅವಳು, ಅಕ್ಕ ತಪ್ಪು ತೋರಿಸಿದ್ದಕ್ಕೆ ರುಚಿ ಸರಿಹೋಯಿತು ಎನ್ನುತ್ತಾಳಂತೆ. ನೆಂಟರು ಅದನ್ನು ನನಗೆ ಬಂದು ಹೇಳುತ್ತಾರೆ. ನಾನು ಹೌದೆಂದೂ ಅನ್ನುವುದಿಲ್ಲ, ಅಲ್ಲವೆಂದೂ ಅನ್ನುವುದಿಲ್ಲ. ಇಷ್ಟು ದೊಡ್ಡ ಮನಸ್ಸು ಅವಳಿಗೆ ಎಲ್ಲಿಂದ ಬಂತು ಎಂಬುದೊಂದೇ ಈಗ ನನ್ನನ್ನು ಕೊರೆಯುವುದು.