ಹೊಳೆಯಾಚೆಗೆ ಹಳದಿ ಬಣ್ಣ

ಶಾಲೆಯ ಗೋಡೆಗಳ ಮೇಲೆ ಭೂಪಟ ಬರೆಯುವ ನಕ್ಷೆ ಮೇಸ್ತ್ರಿ ಒಂದು ಏಣಿ, ನಾಲ್ಕು ಕುಂಚಗಳ ಬಲದಿಂದ ಮೂವತ್ತು ವರ್ಷ ಭೂಮಂಡಲವನ್ನು ಆಳಿದವನು. ಜಾಗ ಸಾಲದಿದ್ದರೆ ಕಿಟಕಿಯ ಪಕ್ಕದ ದೇಶವನ್ನು ಸ್ವಲ್ಪ ಒತ್ತಿ ಕೂರಿಸುತ್ತಿದ್ದ. ಯಾರೂ ತಕರಾರು ತೆಗೆದದ್ದಿಲ್ಲ. ನಮ್ಮ ದೇಶಕ್ಕೆ ಹಳದಿ, ಹೊಳೆಯಾಚೆಯ ದೇಶಕ್ಕೆ ಹಸಿರು. ಆ ಹಸಿರಿನೊಳಗೇ ಮಗಳನ್ನು ಮದುವೆ ಮಾಡಿ ಕೊಟ್ಟಿದ್ದ.

ಒಂದು ಬೆಳಿಗ್ಗೆ ನಮ್ಮ ಸೈನ್ಯ ಹೊಳೆ ದಾಟಿತು. ಅಲ್ಲಿ ನಮ್ಮವರಿದ್ದಾರೆ, ಅವರ ರಕ್ಷಣೆಗಾಗಿ ಎಂದು ರೇಡಿಯೊ ಸಾರಿತು.

"ನಮ್ಮವರು ಅಂದ್ರೆ ನಮ್ಮ ಮಗಳೇ ತಾನೆ?" ಎಂದಳು ಮೇಸ್ತ್ರಿಯ ಹೆಂಡತಿ. "ಹೆಣ್ಣು ಕೊಟ್ಟಿದ್ದೀವಿ ಅಂತ ಅಳಿಯನ ಹಿತ್ತಲಿಗೆ ಟ್ಯಾಂಕ್ ನುಗ್ಸೋದಾ? ಬೀಗರಿಗೆ ಹೇಗ್ರೀ ಮುಖ ತೋರ್ಸೋದು?"

ಬೀಗರ ಮಾತು ಹಾಗಿರಲಿ, ಅಳಿಯ ಅಂದಿನಿಂದ ಫೋನಿಗೇ ಬರಲಿಲ್ಲ. "ಅವರಿಗೆ ನಿಮ್ಮ ಮೇಲೂ ಸಿಟ್ಟು, ಅಪ್ಪ" ಎಂದು ಮಗಳು ತಗ್ಗಿದ ದನಿಯಲ್ಲಿ ಹೇಳಿದಳು. ಮೇಸ್ತ್ರಿಗೆ ಊಟ ಸೇರದಾಯಿತು.

ಮೂರನೆಯ ವಾರ ಶಾಲಾ ಇನ್‌ಸ್ಪೆಕ್ಟರು ಬಂದರು. ಗೆದ್ದ ನೆಲಕ್ಕೆಲ್ಲ ನಕ್ಷೆಯಲ್ಲಿ ಹಳದಿ ಬಳಿಯಬೇಕಂತೆ.

"ಸಾರ್, ಜಗತ್ತೆಲ್ಲ ತಪ್ಪು ಅಂತಿದೆಯಲ್ಲ?"

"ನೂರ ಹತ್ತು ದೇಶ ಸೋಮವಾರ ಖಂಡಿಸಿದ್ವು. ಮಂಗಳವಾರ ಅದರಲ್ಲಿ ಅರ್ಧ ನಮ್ಮ ಗೋಧಿ ಕೊಳ್ಳೋಕೆ ಬಂದ್ವು."

"ಮಿಕ್ಕ ಅರ್ಧ?"

"ಅವು ಹಿಂದೆ ಇದನ್ನೇ ಮಾಡಿದ್ವು. ಅದಕ್ಕೇ ಎಲ್ಲರಿಗಿಂತ ಜೋರಾಗಿ ಖಂಡಿಸಿದ್ವು. ನೀವು ಬಳೀರಿ ಮೇಸ್ತ್ರಿ."

ಮೇಸ್ತ್ರಿ ಏಣಿ ಹತ್ತಿ ಕುಂಚ ಅದ್ದಿದ. ಮಗಳ ಊರು ಹೆಬ್ಬೆರಳಿನ ಅಗಲವೂ ಇರಲಿಲ್ಲ. ಒಂದೇ ಎಳೆತಕ್ಕೆ ಮುಗಿಯುತ್ತಿತ್ತು. ಮಹಾ ಮಹಾ ಸೇನಾಪತಿಗಳಿಗೂ ದಕ್ಕದಷ್ಟು ಸಲೀಸಾದ ದಿಗ್ವಿಜಯ! ಬಳಿಯದೆಯೇ ಕೆಳಗಿಳಿದು ಕುಂಚ ತೊಳೆದ.

"ನನ್ನ ಕೈಲಾಗಲ್ಲ ಸಾರ್. ಅದು ಅಳಿಯನ ಮನೆ."

"ಹಾಗಾದ್ರೆ ಇನ್ನು ಯಾವ ಶಾಲೆ ಗೋಡೇನೂ ನಿಮಗಿಲ್ಲ."

ಮರುದಿನ ಅಂಗಡಿ ಬೋರ್ಡು ಬರೆಯುವವನೊಬ್ಬ ಬಂದು, ಉತ್ಸಾಹ ಹೆಚ್ಚಾಗಿ ಸಮುದ್ರದ ಒಂದು ತುಂಡಿಗೂ ಹಳದಿ ಬಳಿದ. ಅದನ್ನು ಯಾವ ದೇಶವೂ ಖಂಡಿಸಲಿಲ್ಲ.

ಹೆಂಡತಿ ಫೋನಿನಲ್ಲಿ ಮಗಳಿಗೆ ಎಲ್ಲ ವರದಿ ಒಪ್ಪಿಸಿದಳು, ಕೆಲಸ ಹೋದದ್ದನ್ನು ಎರಡು ಸಲ. ಆ ಕಡೆ ಫೋನು ಕೈ ಬದಲಾಯಿತು. ಹೆಂಡತಿ ಥಟ್ಟನೆ ತನ್ನ ಫೋನನ್ನು ಗಂಡನ ಕಿವಿಗೆ ಒತ್ತಿದಳು.

"ಮಾವ," ಎಂದ ಅಳಿಯ, "ನಿಮ್ಮ ಟ್ಯಾಂಕು ನಮ್ಮ ಬಾವಿಕಟ್ಟೆ ಒಡೆದಿದೆ."

"ಹೊಳೆ ದಾಟೋಕೆ ಬಿಟ್ಟ ದಿನ ನಾನೇ ಬಂದು ಕಟ್ಟಿಕೊಡ್ತೀನಪ್ಪ."

"ಬನ್ನಿ. ಹೇಗೂ ಈಗ ಕೆಲಸ ಇಲ್ವಂತಲ್ಲ."