ಪಟ್ಟಿಯಲ್ಲಿ ಕಾಣದ ಡಿಸ್ಕ್

೨೦೨೨ರ ದಸರೆಯ ರಜೆ ಮುಗಿದ ಮರುದಿನದ ಮಾತು, ಮಕ್ಕಳೇ. ಆಗ ನಾನು ಧಾರವಾಡದ ಕೆಲಗೇರಿ ಕಡೆಯ ಒಂದು ಬೀಜೋತ್ಪಾದಕರ ಸಂಘದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಮುಗದ ಎಂಬ ಹಳ್ಳಿಯ ಸಾಲೆಯಲ್ಲಿ ಕಲಿತ ನನಗೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು, ಮಾತು ಬರುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಕನ್ನಡದಲ್ಲೂ ನಾಚಿಕೆಯೇ. ಮೊಳಕೆ ಎಣಿಸಲು ಬಾಯಿ ಬೇಕಿರಲಿಲ್ಲ, ಹೀಗಾಗಿ ಇಪ್ಪತ್ತು ವರ್ಷ ನಡೆದುಹೋಗಿತ್ತು.

ರೈತರು ತರುವ ಒಂದೊಂದು ರಾಶಿಯನ್ನು ಲಾಟ್ ಎನ್ನುತ್ತಿದ್ದೆವು. ಪ್ರತಿ ಲಾಟಿನಿಂದ ನಾನೂರು ಕಡಲೆ ಆರಿಸಿ, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಂಟನೆಯ ದಿನ ಎಣಿಸಬೇಕು. ನೂರಕ್ಕೆ ಎಂಬತ್ತೈದು ಮೊಳೆತರೆ ಬೀಜ ಪಾಸು. ಆ ಸಲ ನಲವತ್ತಾರು ಲಾಟಿನ ಎಣಿಕೆಯನ್ನು ನೇರವಾಗಿ ಕಂಪ್ಯೂಟರಿಗೆ ತುಂಬಿದ್ದೆ. ಕಾಗದದ ಪುಸ್ತಕವನ್ನು ಆ ವರ್ಷವೇ ನಿಲ್ಲಿಸಿದ್ದರು. ಎಣಿಸಿದ ಮೊಳಕೆಗಳನ್ನು ತಿಪ್ಪೆಗೆ ಹಾಕಿಯಾಗಿತ್ತು. ನಮ್ಮ ವರದಿ ಇಲ್ಲದೆ ಬೀಜ ಗೋದಾಮಿನಿಂದ ಹೊರಬೀಳುವಂತಿರಲಿಲ್ಲ. ಶಿರಗುಪ್ಪಿ ಸುತ್ತಲಿನ ಎರಿಹೊಲದ, ಅಂದರೆ ಕಪ್ಪು ಮಣ್ಣಿನ, ಬಿತ್ತನೆಯ ಹಸಿ ಮತ್ತೆ ಎಣಿಸಲು ಬೇಕಾಗುವ ಇನ್ನೆಂಟು ದಿನ ಕಾಯುವಂತಿರಲಿಲ್ಲ.

ಆ ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ನೀಲಿ ಪರದೆ ಬರುವುದು, ಹೋಗುವುದು, ಮತ್ತೆ ನೀಲಿ ಪರದೆ.

ಸಂಘದ ಕಾರ್ಯದರ್ಶಿ ಬಸನಗೌಡರು ಯಂತ್ರವನ್ನು ಬಿಟ್ಟು ನನ್ನನ್ನು ನೋಡಿದರು. ಮಹಾನವಮಿಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ತಕ್ಕಡಿ, ಬೀಜ ಒಣಗಿಸುವ ಒಲೆ, ಕಂಪ್ಯೂಟರ್ ಎಲ್ಲಕ್ಕೂ ವಿಭೂತಿ ಹಚ್ಚಿದವಳು ನಾನು.

"ಕಾಯಿ ನೀರು ಇದರಾಗ ಬಿತ್ತೇನವಾ ನೀಲವ್ವಾ?"

"ಇಲ್ರಿ. ಕಾಯಿ ಹೊರಗ ಒಡದೇವ್ರಿ."

"ಹಂಗಾರ ದೇವ್ರಿಗೇ ಸಿಟ್ಟು ಬಂದಿರಬೇಕು ಬಿಡು" ಎಂದು ನಕ್ಕರು. ಆ ನಗು ನನಗೆ ಹಿತವಾಗಲಿಲ್ಲ.

ಹನ್ನೊಂದಕ್ಕೆ ಹುಬ್ಬಳ್ಳಿಯಿಂದ ರಿಪೇರಿಯ ಮಂಜುನಾಥ ಬಂದರು. ನಲವತ್ತರ ಹತ್ತಿರದ, ಮಾತು ಜಾಸ್ತಿಯ ಮನುಷ್ಯ. ಮೊದಲು ಯಾವುದೋ ಕೀಲಿ ಒತ್ತಿ ಯಂತ್ರದ ಸ್ವಂತದ್ದೊಂದು ಕಪ್ಪು ಪುಟ ತೆರೆದು ಮುಚ್ಚಿದರು. ಆಮೇಲೆ, ವಿಂಡೋಸ್ ಕೆಟ್ಟಿದೆ, ಹೊಸದಾಗಿ ಹಾಕಬೇಕು ಎಂದು ಪೆನ್‌ಡ್ರೈವ್ ಚುಚ್ಚಿದರು. ಯಾವ ಡಿಸ್ಕಿನಲ್ಲಿ ಹಾಕಬೇಕು ಎಂದು ಕೇಳುವ ಪುಟದಲ್ಲಿ ಡಿಸ್ಕಿನ ಹೆಸರು ಬರಬೇಕಿತ್ತಂತೆ. ಪಟ್ಟಿ ಖಾಲಿ ಇತ್ತು.

"ಡಿಸ್ಕ್ ಸತ್ತೇತ್ರಿ ಗೌಡ್ರ. ನೀರು ಹೊಕ್ಕೇತಿ. ಬಿಚ್ಚಿ ಹುಬ್ಬಳ್ಳಿಗೆ ಒಯ್ತೇನಿ." ಹಾಗೆಂದು ತಮ್ಮ ಸರ್ವಿಸ್ ಚೀಟಿಯಲ್ಲಿ ಕಾರಣ ಎಂಬಲ್ಲಿ 'ನೀರು' ಎಂದು ಬರೆದೂಬಿಟ್ಟರು.

ಅವರು ಕಂಪ್ಯೂಟರ್ ಡಬ್ಬಿಯ ಒಂದು ಸ್ಕ್ರೂ ಸಹ ಮುಟ್ಟಿರಲಿಲ್ಲ. ನೀರಿನ ಮಾತು ಗೌಡರ ಬಾಯಿಂದ ಕೇಳಿದ್ದು, ಅಷ್ಟೇ. ನಮ್ಮಲ್ಲಿ ಚೀಟಿ, ಸಹಿ ಇಲ್ಲದೆ ಒಂದು ಮುಷ್ಟಿ ಕಡಲೆಯೂ ಕೋಣೆ ದಾಟುತ್ತಿರಲಿಲ್ಲ. ಚೀಲ ಬದಲಾದರೂ ಗೊತ್ತಾಗದು, ಕಡಲೆಯೆಲ್ಲ ಒಂದೇ ಥರ ಕಾಣುತ್ತದೆ. ಈ ಡಿಸ್ಕ್ ಇವರ ಬ್ಯಾಗಿನಲ್ಲಿ ಹೋದರೆ ಇದೇ ಮರಳಿ ಬರುತ್ತದೆ ಎನ್ನುವುದಕ್ಕೆ ಏನು ಗುರುತು? ಒಳ್ಳೆಯದನ್ನು ಇಟ್ಟುಕೊಂಡು ಸತ್ತದ್ದನ್ನು ತಂದರೆ?

ಅವರು ಮೊದಲು ತೆರೆದ ಕಪ್ಪು ಪುಟದಲ್ಲಿ ಒಂದು ಉದ್ದ ಹೆಸರು, ಪಕ್ಕದಲ್ಲಿ 512 ಎಂದಿದ್ದುದನ್ನು ನಾನು ಲಾಟಿನ ಚೀಟಿಯ ಹಿಂದೆ ಅಕ್ಷರ ನೋಡಿ ನೋಡಿ ಇಳಿಸಿಕೊಂಡಿದ್ದೆ. ಯಾಕೆಂದು ಕೇಳಬೇಡಿ, ರೂಢಿ. ಚೀಟಿ ಮುಂದೆ ಹಿಡಿದೆ.

"ಇದು ಏನ್ರಿ?"

"ಅದಾ? ಡಿಸ್ಕಿನ ಹೆಸರ್ರಿ."

"ಅಲ್ಲಿ ಹೆಸರು ಕೂಗಿದ್ರ ಓ ಅಂತೇತಿ, ಇಲ್ಲಿ ಸುಮ್ಮನೇತಿ. ಸತ್ತಿದ್ರ ಎರಡೂ ಕಡೆ ಸುಮ್ಮನಿರಬೇಕಲ್ರಿ?"

"ಅಯ್ಯ, ನೀಲವ್ವ ಮಾತಾಡಿದ್ಲು! ಇವತ್ತ ಮಳಿ ಗ್ಯಾರಂಟಿ" ಎಂದರು ಗೌಡರು.

ಮಂಜುನಾಥ ನನ್ನ ಚೀಟಿಯನ್ನು ಪಕ್ಕಕ್ಕೆ ಸರಿಸಿದರು. "ಅಕ್ಕಾರ, ಹದಿನೈದು ವರ್ಷದಿಂದ ಇದ ಕೆಲಸ ಮಾಡಾಕತ್ತೇನಿ."

"ನಾನು ಇಪ್ಪತ್ತು ವರ್ಷ ಕಡ್ಲಿ ಎಣಿಸೇನ್ರಿ. ಮೊಳಕಿ ಬರಲಿಲ್ಲಂದ್ರ ಬೀಜ ಸತ್ತೇತಿ ಅನ್ನೂಕಿಂತ ಮೊದ್ಲ ಅದಕ್ಕ ನೀರು ಮುಟ್ಟೇತೋ ಇಲ್ಲೋ ನೋಡ್ತೇವಿ. ನಿಮ್ಮ ಅಂಗಡ್ಯಾಗ ದೊಡ್ಡವರನ್ನ ಕೇಳ್ರಿ. ನಮಗೂ ಕೇಳೂಹಂಗ ಕೇಳ್ರಿ."

ಫೋನಿನ ಸ್ಪೀಕರಿನಲ್ಲಿ ಅಂಗಡಿಯ ಹಿರಿಯರ ದನಿ ಬಂತು. "ಹೊಸಾ ಮಷಿನ್ ಏನಲೇ? ಕಂಟ್ರೋಲರ್ ಡ್ರೈವರ್ ಕೊಟ್ಟಿಯೇನು?"

ಮಂಜುನಾಥ ಫೋನಿಟ್ಟು ಮತ್ತೆ ಪರದೆಯ ಖಾಲಿ ಪಟ್ಟಿಯ ಕಡೆ ತಿರುಗಿದರು.

ಆಮೇಲೆ ತಿಳಿದದ್ದು ಇಷ್ಟು. ಡಿಸ್ಕಿಗೂ ವಿಂಡೋಸಿಗೂ ನಡುವೆ ಸ್ಟೋರೇಜ್ ಕಂಟ್ರೋಲರ್ ಎಂಬ ಮಧ್ಯಸ್ಥ ಇರುತ್ತದೆ. ನಮ್ಮ ಹೊಸ ಯಂತ್ರದ ಮಧ್ಯಸ್ಥನ ಭಾಷೆ ಯಂತ್ರದ ಕಪ್ಪು ಪುಟಕ್ಕೆ ಬರುತ್ತಿತ್ತು, ಆ ಪೆನ್‌ಡ್ರೈವಿನ ವಿಂಡೋಸಿಗೆ ಬರುತ್ತಿರಲಿಲ್ಲ. ಆ ಭಾಷೆ ಕಲಿಸುವ ಚಿಕ್ಕ ಕಡತವೇ ಡ್ರೈವರ್. ಖಾಲಿ ಪಟ್ಟಿಯ ಕೆಳಗೇ 'ಲೋಡ್ ಡ್ರೈವರ್' ಎಂಬ ಸಾಲು ಇತ್ತು.

ಗೌಡರ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಇಳಿಸಿ ಪೆನ್‌ಡ್ರೈವಿಗೆ ಹಾಕಿದರು. ಮೊದಲ ಸಲ ಯಂತ್ರಕ್ಕೆ ಅದು ಕಾಣಲೇ ಇಲ್ಲ. ಕಡತಗಳು ಇನ್ನೂ ಜಿಪ್ ಎಂಬ ಗಂಟಿನೊಳಗೇ ಇದ್ದವು. ಗಂಟು ಬಿಚ್ಚಿ ಮತ್ತೆ ತೋರಿಸಿದಾಗ ಪಟ್ಟಿಯಲ್ಲಿ ಡಿಸ್ಕ್ ಬಂದು ನಿಂತಿತು, ತನ್ನ ನಾಲ್ಕು ಪಾಲುಗಳ ಸಮೇತ. ಗೌಡರು ಚಪ್ಪಾಳೆ ಹೊಡೆದರು. ಮಂಜುನಾಥರ ಬಾಣದ ಗುರುತು ಆಗಲೇ 'ಡಿಲೀಟ್' ಕಡೆ ಸರಿದಿತ್ತು.

ನಾನು ಮೌಸಿನ ಮೇಲಿದ್ದ ಅವರ ಕೈಯನ್ನು ಹಿಡಿದೆ. ಪರಪುರುಷರ ಕೈಗೆ ನೀರಿನ ತಂಬಿಗೆ ಕೊಡುವಾಗಲೂ ಬೆರಳು ತಾಗದಂತೆ ಕೊಟ್ಟವಳು ನಾನು.

"ಎಲ್ಲಾ ಅಳಿಸಿ ಹಾಕೂದು ಪದ್ಧತಿ ಐತ್ರಿ ಅಕ್ಕಾರ."

"ನನ್ನ ಎಣಿಕಿ ಯಾವ ಪಾಲಿನಾಗೈತಿ? ಬರದು ಸಹಿ ಮಾಡ್ರಿ. ಆಮ್ಯಾಲೆ ಅಳಸ್ರಿ."

ನಾನು ಕೈ ಬಿಟ್ಟಾಗ ಅವರು ಪೆನ್ನು ಹಿಡಿದರು, ಬರೆಯಲಿಲ್ಲ. ಯಾವ ಪಾಲು ಎಂಬುದು ಅವರಿಗೂ ಖಾತ್ರಿ ಇರಲಿಲ್ಲ. ಕೊನೆಗೆ ಎರಡು ಕೀಲಿ ಒಟ್ಟಿಗೆ ಒತ್ತಿ ಆಜ್ಞೆ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದು, ಹುಡುಕಿ, ನನ್ನ ಕಡತವನ್ನು ಬೇರೆ ಪೆನ್‌ಡ್ರೈವಿಗೆ ನಕಲು ಮಾಡಿದರು. ಗೌಡರ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆಸಿ ಒಂದೊಂದೇ ಸಾಲು ಓದಿದೆ. ನಲವತ್ತಾರೂ ಇದ್ದವು. ಆಮೇಲೆಯೇ ಮೌಸನ್ನು ಅವರಿಗೆ ಬಿಟ್ಟು ಹಿಂದೆ ಸರಿದೆ.

ವಿಂಡೋಸ್ ಕೂರುತ್ತಿದ್ದಾಗ ಚಹಾ ಬಂತು. ಮಂಜುನಾಥ ಮೆತ್ತಗೆ ಕೇಳಿದರು. "ನೀರಲ್ಲ ಅಂದ್ರ ಇದು ಕೆಟ್ಟಿದ್ದು ಹೆಂಗ್ರಿ? ಹಿಂದಿನ ಸಲ ಬಂದ್ ಮಾಡುವಾಗ ಪರದಿ ಮ್ಯಾಲೆ ಚುಕ್ಕಿ ಗುಂಡಗ ತಿರಗಾಕತ್ತಿದ್ವೇನು?"

ತಿರುಗುತ್ತಿದ್ದವು. ಪೂಜೆಯ ಹೊತ್ತಿನಲ್ಲಿ ಆಯುಧ ದುಡಿಯಬಾರದು, ವಿಶ್ರಾಂತಿಯಲ್ಲಿರಬೇಕು ಎಂಬುದು ನಮ್ಮ ನಂಬಿಕೆ. ಅವತ್ತು ಬಂದ್ ಮಾಡಿದರೂ ಚುಕ್ಕಿಗಳು ನಿಲ್ಲಲೊಲ್ಲವು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು; ಕೆಲಸ ನಡೆದಿದೆ, ಆಫ್ ಮಾಡಬೇಡಿ ಎಂದಿತ್ತೆಂದು ಆಮೇಲೆ ತಿಳಿಯಿತು. ಆರತಿ ತಡವಾಗುತ್ತದೆಂದು ನಾನು ವೈರನ್ನೇ ಕಿತ್ತಿದ್ದೆ. ಆಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ವೈರ್ ನಾನಽ ಕಿತ್ತೇನ್ರಿ" ಎಂದೆ.

ಗೌಡರು ಬಟ್ಟಲು ಕೆಳಗಿಟ್ಟರು. "ಮುಂಜಾನಿಂದ ಈ ಮನಷ್ಯಾನ್ನ ಕಳ್ಳನ್ನ ನೋಡಿದಂಗ ನೋಡಿದೆಲ್ಲವಾ."

ಅದು ನಿಜ. ಮಂಜುನಾಥ ಡಿಸ್ಕ್ ಕದಿಯಲು ಬಂದವರಲ್ಲ, ಅವಸರದ ಮನುಷ್ಯ, ನನ್ನ ಹಾಗೆಯೇ. ಸಹಿಗೆಂದು ಅವರು ಸರ್ವಿಸ್ ಚೀಟಿ ಕೊಟ್ಟಾಗ 'ನೀರು' ಎಂಬುದನ್ನು ಹೊಡೆದುಹಾಕಿ, 'ಕೆಲಸ ನಡೆದಾಗ ವೈರ್ ಕಿತ್ತದ್ದು' ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಸಂಜೆಯೊಳಗೆ ನಲವತ್ತಾರು ವರದಿಗಳು ಅಚ್ಚಾಗಿ ಹೋದವು.

ಮಕ್ಕಳೇ, ಸಂಶಯಪಡಬೇಡಿ ಎಂದು ನಾನು ಹೇಳುವುದಿಲ್ಲ. ಆ ದಿನ ಸಂಶಯ ಇರದಿದ್ದರೆ ಎಣಿಕೆ ಉಳಿಯುತ್ತಿರಲಿಲ್ಲ. ಆದರೆ ಬೇರೆಯವರಿಂದ ಸಹಿ ಕೇಳುವ ಮೊದಲು ನಿಮ್ಮ ಕೈ ಏನು ಮಾಡಿತ್ತು ಎಂಬುದನ್ನು ನೆನಪು ಮಾಡಿಕೊಳ್ಳಿ. ನಾನು ಅದನ್ನು ಚಹಾ ಬರುವ ತನಕ ನೆನೆಯಲಿಲ್ಲ.